ದನಕುರಿಗಳ ಮೈ ಮುಟ್ಟಿ ನೋಡಿ



ಮನೆಯ ಗೋಡೆಯ ಮೇಲೆ ಓಡಾಡುವ ಹಲ್ಲಿಯನ್ನು ಗಮನವಿಟ್ಟು ನೋಡಿದರೆ, ಕೆಲವು ಸಲ ಅದರ ಮೈಮೇಲೆ ತೆಳ್ಳನೆಯ ಬಿಳಿ ಹಾಳೆ ಎದ್ದಂತೆ ಕಾಣುತ್ತದೆ. ಅದು ರೋಗವಲ್ಲ. ಹಳೆಯ ಚರ್ಮ ಕಳಚುತ್ತಿದೆ, ಅಷ್ಟೆ. ಹಲ್ಲಿ ಆ ಚರ್ಮವನ್ನು ತಾನೇ ಬಾಯಿಂದ ಎಳೆದು ತಿಂದೂ ಬಿಡುತ್ತದೆ. ಹಾವು ಪೊರೆ ಬಿಡುತ್ತದೆ, ಓತಿಕ್ಯಾತ ತುಂಡುತುಂಡಾಗಿ ಬಿಡುತ್ತದೆ. ಈಚೆಗೆ ಪಟ್ಟಣಗಳಲ್ಲಿ ಹೊರದೇಶದ ಇಗುವಾನ ಎಂಬ ದೊಡ್ಡ ಓತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರಿದ್ದಾರೆ. ಅದರ ಚರ್ಮ ಸರಿಯಾಗಿ ಕಳಚದೆ ಬೆರಳಿನ ಸುತ್ತ ಉಳಿದುಕೊಂಡರೆ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಬಿಡಿಸುತ್ತಾರಂತೆ, ದಿನಾ ಮೈ ನೋಡುತ್ತಾರಂತೆ. ನಮ್ಮಲ್ಲಿಯೋ, ಸಂಸಾರವನ್ನೇ ಹೊತ್ತ ಎಮ್ಮೆಯ ಮೈಯನ್ನು ನಾವು ಕೈಯಿಟ್ಟು ನೋಡಿ ಎಷ್ಟು ದಿನವಾಯಿತು? ಇವತ್ತು ಅದನ್ನೇ ಮಾತಾಡೋಣ ಅಂತ ಬಂದಿದ್ದೇನೆ. ದನ, ಎಮ್ಮೆ, ಕುರಿ, ಮೇಕೆಗಳ ಚರ್ಮಕ್ಕೆ ಬರುವ ತೊಂದರೆಗಳಲ್ಲಿ ಮನೆಯಲ್ಲೇ ಸರಿಮಾಡಿಕೊಳ್ಳುವಂಥದ್ದು ಯಾವುದು, ಡಾಕ್ಟರನ್ನು ಕರೆಯಲೇಬೇಕಾದದ್ದು ಯಾವುದು ಎಂಬುದೇ ವಿಷಯ.

ನಾನು ಡಾಕ್ಟರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದ್ದು ಹತ್ತನೆಯ ತರಗತಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ಆದರೆ ಐ.ಆರ್.ಡಿ.ಪಿ. ಸಾಲದ ಕಾಲದಲ್ಲಿ, ಅಂದರೆ 1999ರವರೆಗೆ, ನಮ್ಮ ಕಡೆಯ ಶಾಖೆಗಳಲ್ಲಿ ಸಾಲವೆಂದರೆ ಹೆಚ್ಚಿಗೆ ದನ, ಎಮ್ಮೆ, ಕುರಿಗಳ ಸಾಲವೇ. 20 ಹೆಣ್ಣು ಕುರಿ, 1 ಟಗರು ಅಂತ ಒಂದು ಘಟಕ. ಸಾಲ ಕೊಡುವಾಗ ನೋಡಲು ಹೋಗಬೇಕು, ವಿಮೆ ಮಾಡಿಸಬೇಕು, ಕಿವಿಗೆ ಬಿಲ್ಲೆ ಹೊಡೆಸಬೇಕು, ಸತ್ತರೆ ಕಾಗದಪತ್ರ ಬರೆಯಬೇಕು. ಹೀಗೆ ಪಶುವೈದ್ಯರ ಜೊತೆ ರೊಪ್ಪ ರೊಪ್ಪ ಸುತ್ತಿ, ಅವರು ಹೇಳಿದ್ದನ್ನೂ ಹಳೆಯ ಕುರಿಗಾರರು ಹೇಳಿದ್ದನ್ನೂ ಕಿವಿಗೆ ಹಾಕಿಕೊಂಡವನು ನಾನು.

ಆ ಕಾಲದ ಒಂದು ನಿಯಮ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ವಿಮೆ ಮಾಡಿಸಿದ ದನ ಸತ್ತರೆ, ಬಿಲ್ಲೆ ಇರುವ ಕಿವಿಯನ್ನೇ ಕತ್ತರಿಸಿ ಬ್ಯಾಂಕಿಗೆ ತಂದು ಒಪ್ಪಿಸುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಪ್ಲಾಸ್ಟಿಕ್ ಚೀಲದಲ್ಲಿ ಕಿವಿ ಹಿಡಿದುಕೊಂಡು ಕೌಂಟರಿನ ಮುಂದೆ ಸಾಲು ನಿಂತವರನ್ನು ನೋಡಿದ್ದೇನೆ. ಕಿವಿ ಬ್ಯಾಂಕಿನಲ್ಲಿ, ಎಮ್ಮೆ ಹೊಲದಲ್ಲಿ ಅಂತ ಗಾದೆಯಂಥ ಮಾತೊಂದು ಹುಟ್ಟಿದ್ದೂ ಆಗಲೇ. ಇರಲಿ, ಅದು ಬೇರೆ ಕಥೆ.

ಕಿವಿಯ ಮಾತು ಬಂತಲ್ಲ, ಚರ್ಮದ ಸಣ್ಣ ಗಾಯ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಒಬ್ಬ ವಿಧವೆ ತಾಯಿ ಸಾಲ ಮಾಡಿ ಸೀಮೆ ಹಸು ಕಟ್ಟಿದ್ದರು. ಮಳೆಗಾಲದಲ್ಲಿ ಬಿಲ್ಲೆ ಹೊಡೆದದ್ದು. ಬಿಲ್ಲೆ ಹೊಡೆದ ತೂತಿನ ಸುತ್ತ ನಾಲ್ಕಾಣೆ ಅಗಲದ ಗಾಯವಾಯಿತು. ನೊಣ ಕೂತಿತು, ಹುಳ ಬಿತ್ತು. ಆಯಮ್ಮ ಯಾರೋ ಹೇಳಿದರೆಂದು ಫಿನೈಲ್ ಸುರಿದರು. ಹುಳ ಸತ್ತವು, ಜೊತೆಗೆ ಚರ್ಮವೂ ಬೆಂದು ತೂತು ಹರಿದು ಕಿವಿಯ ಅಂಚಿನವರೆಗೆ ಸೀಳಿತು, ಬಿಲ್ಲೆ ಎಲ್ಲೋ ಸಗಣಿಯಲ್ಲಿ ಬಿದ್ದುಹೋಯಿತು. ಗಾಯ ಮಾಯಿತು, ಹಸು ಹಾಲು ಕೊಡುತ್ತಲೇ ಇತ್ತು, ಬಿಲ್ಲೆಯ ಯೋಚನೆ ಯಾರಿಗೂ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಅದೇ ಹಸು ಉಣ್ಣಿಯಿಂದ ಬರುವ ಜ್ವರಕ್ಕೆ ಸತ್ತಿತು. ವಿಮೆಯವರು ಕಾಗದ ವಾಪಸು ಕಳಿಸಿದರು. ಬಿಲ್ಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಅವರ ನಿಯಮ. ಹಸುವೂ ಹೋಯಿತು, ಸಾಲವೂ ಬಡ್ಡಿಯೂ ಉಳಿಯಿತು. ಎರಡೂ ಚರ್ಮದ ಮೇಲಿನ ಸಂಗತಿಗಳೇ ನೋಡಿ: ಒಂದು ನಾಲ್ಕಾಣೆಯ ಗಾಯ, ಇನ್ನೊಂದು ಉಣ್ಣಿ.

ಈಗ ಮೈ ನೋಡುವ ಬಗೆ. ದೂರದಿಂದ ನೋಡಿದರೆ ಆಗದು, ಕೈಯಿಂದ ನೋಡಬೇಕು. ಬೆಳಗ್ಗೆ ಹಾಲು ಕರೆಯುವ ಮುಂಚೆಯೋ, ಸಂಜೆ ರೊಪ್ಪಕ್ಕೆ ಕೂಡುವಾಗಲೋ, ಒಂದು ದನಕ್ಕೆ ಐದು ನಿಮಿಷ ಸಾಕು. ಕುರಿ ಹೆಚ್ಚಿದ್ದರೆ ದಿನಕ್ಕೆ ನಾಲ್ಕೈದರಂತೆ ಸರದಿ ಇಟ್ಟುಕೊಳ್ಳಿ. ಮೂತಿಯಿಂದ ಶುರು ಮಾಡಿ: ತುಟಿ, ಮೂಗು, ಕಣ್ಣಿನ ಸುತ್ತ, ಕಿವಿಯ ಒಳಗೆ. ಆಮೇಲೆ ಗಂಗೆದೊಗಲು, ಬೆನ್ನು, ಮುಂಗಾಲಿನ ಕಂಕುಳು, ಕೆಚ್ಚಲು, ತೊಡೆಯ ಒಳಬದಿ, ಕೊನೆಗೆ ಬಾಲ ಎತ್ತಿ ಅದರ ಅಡಿ. ಕೂದಲನ್ನು ಎದುರು ದಿಕ್ಕಿಗೆ ಸವರಿದರೆ ಚರ್ಮ ಕಾಣುತ್ತದೆ. ಕುರಿಯಾದರೆ ತುಪ್ಪಟವನ್ನು ಎರಡು ಕೈಯಿಂದ ಬಿಡಿಸಿ ಬುಡ ನೋಡಬೇಕು, ಮೇಲಿನ ಧೂಳು ನೋಡಿ ಮೋಸಹೋಗಬಾರದು.

ನೋಡುವಾಗ ಮನಸ್ಸಿನಲ್ಲಿ ಇಷ್ಟು ಕೇಳಿಕೊಳ್ಳಿ. ಇದು ತುರಿಸುತ್ತದೆಯೋ ಇಲ್ಲವೋ? ಎಲ್ಲಿಂದ ಶುರುವಾಯಿತು? ಒಂದೇ ದನಕ್ಕಿದೆಯೋ, ಪಕ್ಕದವಕ್ಕೂ ಇದೆಯೋ? ಮೇವು ತಿನ್ನುತ್ತಿದೆಯೋ ಬಿಟ್ಟಿದೆಯೋ? ಮೈ ಕಾವು ಇದೆಯೋ? ಈ ಕೊನೆಯ ಎರಡು ಎಲ್ಲಕ್ಕಿಂತ ಮುಖ್ಯ. ಚರ್ಮದ ಮೇಲೆ ಏನೇ ಇರಲಿ, ದನ ಮೇವು ಬಿಟ್ಟಿದ್ದರೆ, ಮಂಕಾಗಿ ನಿಂತಿದ್ದರೆ, ಜ್ವರವಿದ್ದರೆ, ಅದು ಬರೀ ಚರ್ಮದ ಕಾಯಿಲೆಯಲ್ಲ. ಮನೆಮದ್ದಿಗೆ ಕೂರಬೇಡಿ.

ಇನ್ನೊಂದು ಮಾತು ನಮ್ಮ ಗಡಿಯವರಿಗೇ ಮೀಸಲು. ರಾಯದುರ್ಗ ತಾಲೂಕು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಈಚೆ ಬಂತು. ಹೀಗಾಗಿ ನೇಮಕಲ್ಲಿನಂಥ ಊರಿನಲ್ಲಿ ಮನೆಯೊಳಗೆ ಕನ್ನಡ, ದನದ ಆಸ್ಪತ್ರೆಯಲ್ಲಿ ತೆಲುಗು. ಎರಡೂ ನಮಗೆ ಬರುತ್ತವೆ, ಸಂತೋಷವೇ. ಆದರೆ ಕಾಯಿಲೆಯ ಹೆಸರುಗಳಲ್ಲಿ ಎಡವುತ್ತೇವೆ. ಕನ್ನಡದಲ್ಲಿ ನಾವು ಹುಳುಕಡ್ಡಿ ಅನ್ನುವುದನ್ನು ತೆಲುಗಿನಲ್ಲಿ ತಾಮರ ಅನ್ನುತ್ತಾರೆ. ಹುಳುಕಡ್ಡಿ ಎಂದು ಕೇಳಿ ಗಾಯದಲ್ಲಿ ಹುಳ ಬಿದ್ದಿದೆಯೆಂದು ತಿಳಿದವರುಂಟು, ತಾಮರ ಎಂದು ಕೇಳಿ ತಾವರೆ ಹೂವನ್ನು ನೆನೆದವರೂ ಉಂಟು. ಕಜ್ಜಿಗೆ ಗಜ್ಜಿ ಅನ್ನುತ್ತಾರೆ, ಅದು ಸುಲಭ. ಹೇನಿಗೆ ಪೇಲು. ಉಣ್ಣಿಗೆ ಪಿಡುದು ಅಂತಲೂ ಗೋಮಾರಿ ಅಂತಲೂ ಎರಡು ಹೆಸರು. ಕನ್ನಡದಲ್ಲೇ ಕೆಲವರು ಉಣ್ಣಿಯನ್ನು ಉಣ್ಣೆ ಅನ್ನುತ್ತಾರೆ. ಕುರಿಗೆ ಉಣ್ಣೆ ಜಾಸ್ತಿಯಾಗಿದೆ ಅಂದರೆ ಕೇಳಿದವರು ಸಂತೋಷಪಡಬೇಕೋ ದುಃಖಪಡಬೇಕೋ! ಆದ್ದರಿಂದ ಡಾಕ್ಟರ ಮುಂದೆ ಕಾಯಿಲೆಯ ಹೆಸರು ಹೇಳಲು ಹೋಗಬೇಡಿ, ಕಂಡದ್ದನ್ನು ಹೇಳಿ. ಎಷ್ಟು ದಿನವಾಯಿತು, ಎಲ್ಲಿ ಶುರುವಾಯಿತು, ಎಷ್ಟಕ್ಕೆ ಹರಡಿತು, ಏನು ಹಚ್ಚಿದಿರಿ. ಹೆಸರು ಇಡುವುದು ಅವರ ಕೆಲಸ.

ಮೊದಲಿಗೆ ಉಣ್ಣಿ. ಬಹಳ ಜನ ಇದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ, ದನವೆಂದಮೇಲೆ ಉಣ್ಣಿ ಇದ್ದದ್ದೇ ಅನ್ನುತ್ತಾರೆ. ಕಿವಿಯೊಳಗೆ, ಗಂಗೆದೊಗಲಿನಲ್ಲಿ, ಕೆಚ್ಚಲಿನ ಹತ್ತಿರ, ಬಾಲದಡಿಯಲ್ಲಿ ಹುಡುಕಿದರೆ ಸಿಗುತ್ತವೆ. ರಕ್ತ ಕುಡಿದು ಹರಳುಬೀಜದಷ್ಟು ಊದಿಕೊಂಡ ಹೆಣ್ಣು ಉಣ್ಣಿ ತಾನಾಗಿಯೇ ಕೆಳಗೆ ಬಿದ್ದು, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲೋ ನೆಲದ ಸಂದಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಇಲ್ಲಿದೆ ನೋಡಿ ಗುಟ್ಟು. ನಾವು ದನದ ಮೈಗೆ ಔಷಧಿ ಹಾಕಿ ಸುಮ್ಮನಾಗುತ್ತೇವೆ, ಗೋಡೆಯಲ್ಲಿ ಮರಿಗಳು ಸಿದ್ಧವಾಗುತ್ತಿರುತ್ತವೆ. ಹದಿನೈದು ಇಪ್ಪತ್ತು ದಿನಕ್ಕೆ ಮತ್ತೆ ಅದೇ ಕಥೆ, ಔಷಧಿ ಸರಿಯಿಲ್ಲ ಅಂತ ಅಂಗಡಿಯವನ ಮೇಲೆ ಜಗಳ. ಬಿರುಕುಗಳನ್ನು ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮುಚ್ಚಿ, ಗೋಡೆಯ ಬುಡದವರೆಗೆ ಸುಣ್ಣ ಬಳಿಯಿರಿ. ಹಳೆಯ ಸಗಣಿ, ಉಳಿದ ಸೊಪ್ಪೆ ಗುಡಿಸಿ ದೂರ ಹಾಕಿ. ನಾಲ್ಕು ನಾಟಿ ಕೋಳಿ ಕೊಟ್ಟಿಗೆಯಲ್ಲಿ ಓಡಾಡಿಕೊಂಡಿದ್ದರೆ ಬಿದ್ದ ಉಣ್ಣಿಗಳನ್ನು ಅವು ಹೆಕ್ಕುತ್ತವೆ.

ಮೈಮೇಲಿನ ಉಣ್ಣಿ ನಾಲ್ಕೈದೇ ಇದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೆಲ್ಲಗೆ ಎಳೆಯಿರಿ. ಬೀಡಿಯಿಂದ ಸುಡಬೇಡಿ. ಉಗುರಿನಿಂದ ಕುಕ್ಕಿ ರಕ್ತ ಚಿಮ್ಮಿಸುವ ಅಭ್ಯಾಸವಂತೂ ಬೇಡವೇ ಬೇಡ. 2011ರಲ್ಲಿ ಗುಜರಾತಿನಲ್ಲಿ ಕ್ರಿಮಿಯನ್ ಕಾಂಗೊ ಎಂಬ ಜ್ವರ ಕಾಣಿಸಿಕೊಂಡು ಮನುಷ್ಯರೇ ಸತ್ತರು. ಅದು ಉಣ್ಣಿಯಿಂದ, ಉಣ್ಣಿ ಇರುವ ಪ್ರಾಣಿಯ ರಕ್ತದಿಂದ ಬರುವಂಥದ್ದು. ಕಿತ್ತ ಉಣ್ಣಿಯನ್ನು ಸೀಮೆಎಣ್ಣೆ ಹಾಕಿದ ಡಬ್ಬಿಗೆ ಹಾಕಿಬಿಡಿ.

ಉಣ್ಣಿ ಹೆಚ್ಚಿದ್ದರೆ ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಎಂಬ ಔಷಧಿಗಳು ದನದ ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಇವು ಕೂಡ ವಿಷವೇ. ಡಬ್ಬಿಯ ಮೇಲೆ ಲೀಟರ್ ನೀರಿಗೆ ಇಷ್ಟು ಮಿಲಿ ಎಂದು ಬರೆದಿರುತ್ತದೆ, ಅಷ್ಟೇ ಹಾಕಿ. ಮುಚ್ಚಳದ ಅಂದಾಜು, ಕಣ್ಣಂದಾಜು ಎರಡೂ ಬೇಡ. ಮೊದಲು ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಇಲ್ಲದಿದ್ದರೆ ಬಾಯಾರಿ ಮೈ ನೆಕ್ಕಿಕೊಳ್ಳುತ್ತದೆ. ಬೆಳಗಿನ ತಂಪು ಹೊತ್ತಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗೆ ಚೀಲ ಕಟ್ಟಿಕೊಂಡು ಹಚ್ಚಿ. ಕಣ್ಣು, ಬಾಯಿ, ಗಾಯ ಬಿಟ್ಟು ಹಚ್ಚಬೇಕು. ಎಳೆಗರು, ಕುರಿಮರಿಗಳಿಗೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಹಾಲು ಕರೆಯುವ ಮುಂಚೆ ಕೆಚ್ಚಲು ತೊಳೆಯಿರಿ. ಹಚ್ಚಿದ ಮೇಲೆ ಜೊಲ್ಲು ಸುರಿಸುತ್ತಾ ನಡುಗಿದರೆ ಕೂಡಲೇ ಸೋಪುನೀರಿನಿಂದ ಮೈ ತೊಳೆದು ಡಾಕ್ಟರಿಗೆ ಫೋನ್ ಮಾಡಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹಚ್ಚಬೇಕು, ಯಾಕೆಂದರೆ ಆ ಮೊಟ್ಟೆಗಳು ಅಷ್ಟರಲ್ಲಿ ಮರಿಯಾಗಿರುತ್ತವೆ.

ಔಷಧಿ ಹಾಕಿದ ಕುರಿಗಳನ್ನು ಎಚ್ಚೆಲ್ಸಿ ಕಾಲುವೆಗೆ ಇಳಿಸಿ ತೊಳೆಯುವವರಿದ್ದಾರೆ. ಈ ಔಷಧಿ ಮೀನಿಗೆ ಮಹಾ ವಿಷ. ಕಾಲುವೆಯ ಮುಂದಿನ ಊರಿನವರು ಅದೇ ನೀರನ್ನು ಬಿಂದಿಗೆಯಲ್ಲಿ ತುಂಬಿಕೊಳ್ಳುತ್ತಾರೆ ಎಂಬುದು ನಮಗೆಲ್ಲ ಗೊತ್ತಿದೆ.

ಇನ್ನು ಕಜ್ಜಿ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುವುದು. ಮುಖ್ಯ ಗುರುತು ತುರಿಕೆ. ಕುರಿ ಗೋಡೆಗೆ, ಗೂಟಕ್ಕೆ, ಮುಳ್ಳುಬೇಲಿಗೆ ಮೈ ಉಜ್ಜುತ್ತಲೇ ಇರುತ್ತದೆ, ತುಪ್ಪಟ ಗುಪ್ಪೆಗುಪ್ಪೆಯಾಗಿ ಉದುರುತ್ತದೆ. ಮೇಕೆಗಾದರೆ ಕಿವಿ, ಮುಖದಲ್ಲಿ ಹೆಚ್ಚು. ಬಿಟ್ಟರೆ ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿ ಸೀಳುತ್ತದೆ. ಡಾಕ್ಟರು ಹಕ್ಕಳೆಯನ್ನು ಅಂಚಿನಿಂದ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡುತ್ತಾರೆ. ಐವರ್‌ಮೆಕ್ಟಿನ್ ಸೂಜಿಮದ್ದು ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಹತ್ತು ಹದಿನಾಲ್ಕು ದಿನದ ಮೇಲೆ ಎರಡನೆಯ ಸಲ ಬೇಕಾಗುತ್ತದೆ. ಅಳತೆ ಕುರಿಯ ತೂಕದ ಮೇಲೆ ಹೋಗುವುದರಿಂದ ನೀವೇ ಸಿರಿಂಜು ಹಿಡಿಯಬೇಡಿ. ಹಾಲು ಕೊಡುವ ಪ್ರಾಣಿಯಾದರೆ ಎಷ್ಟು ದಿನ ಹಾಲು ಬಳಸಬಾರದು, ಮಾಂಸಕ್ಕೆ ಮಾರುವುದಾದರೆ ಎಷ್ಟು ದಿನ ಕಾಯಬೇಕು ಎಂದು ಕೇಳಿಕೊಳ್ಳಿ. ಕಜ್ಜಿ ಬಂದ ಒಂದಕ್ಕೆ ಮಾತ್ರ ಔಷಧಿ ಮಾಡಿದರೆ ದುಡ್ಡು ದಂಡ, ಮಂದೆಗೆಲ್ಲ ಒಟ್ಟಿಗೇ ಆಗಬೇಕು. ಮೈ ಉಜ್ಜಿದ ಗೂಟಗಳನ್ನೂ ತೊಳೆಯಬೇಕು.

ಹೇನು ಬೇರೆ. ಕೂದಲು ಬಿಡಿಸಿದರೆ ಕಣ್ಣಿಗೇ ಕಾಣುತ್ತವೆ, ಚಳಿಗಾಲದಲ್ಲಿ ಹೆಚ್ಚು. ಬಡಕಲು ಕರುವಿಗೆ ಹೇನು ತುಂಬಿದ್ದರೆ ಹೇನಿನ ಜೊತೆ ಅದರ ಮೇವನ್ನೂ ವಿಚಾರಿಸಿ.

ಹುಳುಕಡ್ಡಿ ಕರುಗಳಿಗೆ ಬರುವಂಥದ್ದು. ಮಳೆಗಾಲ, ಚಳಿಗಾಲದಲ್ಲಿ ಕತ್ತಲೆ ಕೊಟ್ಟಿಗೆಯಲ್ಲಿ ಕಟ್ಟಿದ ಕರುವಿನ ಕಣ್ಣಿನ ಸುತ್ತ, ಮುಖ, ಕುತ್ತಿಗೆಯಲ್ಲಿ ರೂಪಾಯಿ ಅಗಲದ ದುಂಡನೆಯ ಬೂದಿಬಣ್ಣದ ಹಕ್ಕಳೆ. ಅಲ್ಲಿ ಕೂದಲು ಉದುರಿರುತ್ತದೆ, ಕಜ್ಜಿಯಷ್ಟು ತುರಿಕೆ ಇರುವುದಿಲ್ಲ. ಇದು ಬೂಷ್ಟು, ಹುಳವಲ್ಲ. ಭಯಪಡುವಂಥದ್ದಲ್ಲ, ಬಹುಮಟ್ಟಿಗೆ ಎರಡು ಮೂರು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಬೇಗ ಹೋಗಬೇಕಾದರೆ ಕರುವನ್ನು ಬಿಸಿಲಿಗೆ ಕಟ್ಟಿ. ಬೆಚ್ಚನೆಯ ಸೋಪುನೀರಿನಲ್ಲಿ ಹಕ್ಕಳೆಯನ್ನು ನೆನೆಸಿ ಮೆತ್ತಗೆ ಮಾಡಿ ತೆಗೆದು, ಒಣಗಿದ ಮೇಲೆ ಅಯೋಡಿನ್ ಹಚ್ಚಿ, ಕಣ್ಣಿಗೆ ತಾಗದಂತೆ. ತೆಗೆದ ಹಕ್ಕಳೆಯನ್ನು ಸುಟ್ಟುಹಾಕಿ. ಮನುಷ್ಯರ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಹಚ್ಚಿದರೆ ತುರಿಕೆ ನಿಂತಂತಾಗಿ ಬೂಷ್ಟು ಒಳಗೊಳಗೇ ಹರಡುತ್ತದೆ. ಒಂದು ಎಚ್ಚರಿಕೆ: ಇದು ನಮಗೂ ಅಂಟುತ್ತದೆ. ಕರುವನ್ನು ತಬ್ಬಿಕೊಂಡು ಆಡುವ ಮಕ್ಕಳ ಕೈ, ಕತ್ತಿನ ಮೇಲೆ ಅದೇ ಚಕ್ರ ಮೂಡುತ್ತದೆ. ಹಚ್ಚಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಕುರಿಮರಿ, ಮೇಕೆಮರಿಗಳ ತುಟಿಯಂಚಿನಲ್ಲಿ ಗಟ್ಟಿ ಹೊಪ್ಪಳೆಗಳ ಗುಚ್ಛ ಬರುವುದುಂಟು, ತೆಲುಗಿನಲ್ಲಿ ಮೂತಿಪುಂಡ್ಲು ಅನ್ನುತ್ತಾರೆ. ಇದು ವೈರಸ್ಸಿನದು. ಮೂರು ನಾಲ್ಕು ವಾರದಲ್ಲಿ ವಾಸಿಯಾಗುತ್ತದೆ. ಆದರೆ ಅಷ್ಟು ದಿನ ಮರಿ ಮೊಲೆ ಕಚ್ಚಲಾರದೆ ಸೊರಗುತ್ತದೆ, ಬಾಟಲಿಯಲ್ಲಿ ಹಾಲು ಕುಡಿಸಬೇಕು. ಹೊಪ್ಪಳೆ ಕೀಳಬೇಡಿ. ತಿಳಿ ಗುಲಾಬಿ ಬಣ್ಣದ ಪರ್ಮಾಂಗನೇಟ್ ನೀರಿನಲ್ಲಿ ತೊಳೆದು ಬೋರಿಕ್ ಗ್ಲಿಸರಿನ್ ಸವರಿ. ಇದೂ ಕೈಗೆ ಅಂಟುವಂಥದ್ದೇ, ಬೆರಳಿನಲ್ಲಿ ಗಾಯವಿದ್ದವರು ಮುಟ್ಟಬೇಡಿ.

ಬಿಳಿ ಮೈಯ ದನಕ್ಕೆ ಬಿಳಿ ಇರುವ ಕಡೆ ಮಾತ್ರ ಚರ್ಮ ಸುಟ್ಟಂತಾಗಿ ಸುಲಿಯುತ್ತಿದ್ದರೆ, ನೆರಳಿಗೆ ಓಡುತ್ತಿದ್ದರೆ, ಲಂಟಾನ ಗಿಡ ತಿಂದಿರಬಹುದು. ಬರಗಾಲದಲ್ಲಿ ಹಸಿರು ಅಂತ ಅದನ್ನೂ ತಿನ್ನುತ್ತವೆ. ತೊಂದರೆ ಇರುವುದು ಈಲಿಯಲ್ಲಿ, ಕಾಣುವುದು ಚರ್ಮದಲ್ಲಿ. ನೆರಳಿಗೆ ಕಟ್ಟಿ ಡಾಕ್ಟರನ್ನು ಕರೆಯಿರಿ.

ಈಗ ದೊಡ್ಡವು. ಕುರಿ ಸಿಡುಬು, ತೆಲುಗಿನಲ್ಲಿ ಬೊಬ್ಬ ರೋಗ, ಮಶೂಚಿ. ಎರಡು ಭಾಷೆಯಲ್ಲೂ ಜನ ಅಮ್ಮ ಅಂತಲೇ ಕರೆಯುತ್ತಾರೆ. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಸುರಿಯುವುದು. ಒಂದೆರಡು ದಿನಕ್ಕೆ ಕೂದಲಿಲ್ಲದ ಕಡೆ, ಅಂದರೆ ಬಾಲದಡಿ, ತೊಡೆಯ ಒಳಗೆ, ಕೆಚ್ಚಲು, ಮುಖದಲ್ಲಿ ಕೆಂಪು ಚುಕ್ಕೆ, ಆಮೇಲೆ ಗಟ್ಟಿ ಗುಳ್ಳೆ, ಆಮೇಲೆ ಹಕ್ಕಳೆ. ಹಕ್ಕಳೆಯ ಹಂತದಲ್ಲಿ ಮೊದಲ ಸಲ ನೋಡಿದವರು ಕಜ್ಜಿ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಎಣ್ಣೆ ಹಚ್ಚುತ್ತಾ ವಾರ ಕಳೆದ ಒಬ್ಬ ಸಾಲಗಾರರ ಮಂದೆಯಲ್ಲಿ ಆ ವರ್ಷದ ಮರಿಗಳು ಒಂದೂ ಉಳಿಯಲಿಲ್ಲ. ಕಂತಿನ ನೋಟೀಸು ಟೈಪು ಮಾಡಿದ್ದು ನಾನೇ. ಮರಿಗಳ ಮೇಲೆಯೇ ಈ ರೋಗದ ಕೈ ಹೆಚ್ಚು. ಬಂದ ಮೇಲೆ ಇದಕ್ಕೆ ಕೊಲ್ಲುವ ಮದ್ದಿಲ್ಲ, ಬಾರದಂತೆ ವರ್ಷಕ್ಕೊಮ್ಮೆ ಲಸಿಕೆ ಇದೆ. ಅಮ್ಮನಿಗೆ ಬೇವಿನ ಸೊಪ್ಪು ಕಟ್ಟಿ, ಹರಕೆ ಹೊರಿ, ಅದು ನಿಮ್ಮ ನಂಬಿಕೆ. ಅದರ ಜೊತೆಗೇ ಡಾಕ್ಟರನ್ನೂ ಕರೆಯಿರಿ, ರೋಗದ ಕುರಿಯನ್ನು ಬೇರೆ ಕಟ್ಟಿ. ಮತ್ತೊಂದು ಮಾತು ನಿಷ್ಠುರವಾದರೂ ಹೇಳಬೇಕು. ಸಾಯುವುದಕ್ಕೆ ಮುಂಚೆ ಮಾರಿಬಿಡೋಣ ಅಂತ ರೋಗದ ಕುರಿಯನ್ನು ಗಡಿಯಾಚೆಯ ಸಂತೆಗೆ ಹೊಡೆದುಕೊಂಡು ಹೋಗುವುದು ನಡೆದೇ ಇದೆ. ಅಲ್ಲಿ ಕೊಳ್ಳುವವನೂ ನಮ್ಮಂಥವನೇ, ಎಷ್ಟೋ ಸಲ ನಮ್ಮ ಬೀಗರ ಊರಿನವನೇ.

ದನಗಳಿಗೆ ಬರುವ ಚರ್ಮಗಂಟು ರೋಗವನ್ನು, ತೆಲುಗಿನಲ್ಲಿ ಮುದ್ದ ಚರ್ಮ ಅನ್ನುವುದನ್ನು, 2022ರಲ್ಲಿ ನೀವೆಲ್ಲ ಕಂಡಿದ್ದೀರಿ ಇಲ್ಲವೆ ಕೇಳಿದ್ದೀರಿ. ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡದ್ದು. ಮೈತುಂಬ ಅಡಿಕೆ, ನಿಂಬೆಕಾಯಿಯಂಥ ಗಂಟು, ಜೋರು ಜ್ವರ, ಕಾಲು ಬಾವು. ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳಿಂದ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಇದಕ್ಕೆ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿದಾಗ, ಮೇಕೆಯದು ದನಕ್ಕೆ ಯಾಕೆ ಅಂತ ಸೂಜಿ ಬೇಡವೆಂದವರಿದ್ದರು. ಎರಡೂ ವೈರಸ್ಸುಗಳು ಒಂದೇ ಕುಲದವು, ಅದರಿಂದ ರಕ್ಷಣೆ ಸಿಗುತ್ತದೆ.

ಗಂಟು ಒಡೆದಾಗ ಆಗುವ ಗಾಯಕ್ಕೂ, ಮುಳ್ಳು ಗೀರಿದ, ನೊಗ ಉಜ್ಜಿದ, ತುಪ್ಪಟ ಕತ್ತರಿಸುವಾಗ ತಾಗಿದ ಗಾಯಕ್ಕೂ ಆಗುವ ಒಂದು ಮನೆಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಪ್ರಚಾರ ಮಾಡಿದ್ದಾರೆ. ಕಾಗದ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಕುಪ್ಪಿಗಿಡದ ಎಲೆ ಒಂದು ಹಿಡಿ, ತೆಲುಗಿನವರು ಕುಪ್ಪಿಂಟ ಅನ್ನುತ್ತಾರೆ. ಬೇವಿನ ಎಲೆ ಒಂದು ಹಿಡಿ, ತುಳಸಿ ಒಂದು ಹಿಡಿ, ಗೋರಂಟಿ ಎಲೆ ಒಂದು ಹಿಡಿ. ಬೆಳ್ಳುಳ್ಳಿ 10 ಎಸಳು, ಅರಿಸಿನಪುಡಿ 20 ಗ್ರಾಂ. ಎಲ್ಲವನ್ನೂ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕುದಿಸಿ ಆರಿಸಿ. ಗಾಯ ತೊಳೆದು ಒರೆಸಿ ಹಚ್ಚಿ. ಹುಳ ಬಿದ್ದಿದ್ದರೆ ಮೊದಲ ದಿನ ಮಾತ್ರ ಸೀತಾಫಲದ ಎಲೆ ಅರೆದು ಹಚ್ಚಿ, ಇಲ್ಲವೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ. ಸೀತಾಫಲಕ್ಕೆ ನಮ್ಮ ಗುಡ್ಡಗಳಲ್ಲಿ ಬರವಿಲ್ಲ. ಹೊರಬಂದ ಹುಳಗಳನ್ನು ಚಿಮಟದಿಂದ ತೆಗೆಯಬೇಕು. ನೊಣ ಮೊಟ್ಟೆಯಿಟ್ಟ ಒಂದೇ ದಿನದೊಳಗೆ ಹುಳವಾಗುತ್ತದೆ, ಆದ್ದರಿಂದ ಗಾಯ ಮಾಯುವವರೆಗೆ ದಿನಾ ನೋಡಲೇಬೇಕು. ಗಾಯ ಒಳಗೆ ಆಳವಾಗಿ ಹೋಗಿದ್ದರೆ ಇದು ಸಾಲದು, ಡಾಕ್ಟರು ಬೇಕು. ನೊಗದ ಹುಣ್ಣಿಗೆ ಏನೇ ಹಚ್ಚಿದರೂ ಹೆಗಲಿಗೆ ನೊಗ ಇಡುವುದನ್ನು ನಿಲ್ಲಿಸದೆ ಮಾಯುವುದಿಲ್ಲ.

ಹಚ್ಚಬಾರದ್ದೂ ಇವೆ. ಕಜ್ಜಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವುದು ನಮ್ಮಲ್ಲಿ ಬಹಳ. ದನ ನೆಕ್ಕುತ್ತದೆ, ಅದರಲ್ಲಿನ ಲೋಹದ ವಿಷ ಹೊಟ್ಟೆಗೆ ಹೋಗುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಗೆ ತಂದ ಔಷಧಿಯಲ್ಲಿ ಉಳಿದದ್ದನ್ನು ಉಣ್ಣಿಗೆ ಹಾಕುವುದು ಇನ್ನೂ ಕೆಟ್ಟದ್ದು. ಅಟ್ಟದ ಮೇಲೆ ಹಳೆಯ ಬಿ.ಎಚ್.ಸಿ. ಪುಡಿ ಇನ್ನೂ ಇಟ್ಟುಕೊಂಡವರಿದ್ದರೆ, ಅದು 1997ರಲ್ಲೇ ನಿಷೇಧವಾಗಿದೆ. ಜಾತ್ರೆಗಳಲ್ಲಿ ಸಾಂಡಾ ಎಣ್ಣೆ, ಉಡದ ಎಣ್ಣೆ ಅಂತ ಶೀಶೆ ಮಾರುವವರು ಬರುತ್ತಾರೆ. ಸಾಂಡಾ ಎಂದರೆ ರಾಜಸ್ಥಾನದ ಮರಳುಗಾಡಿನ ಒಂದು ಬಡಪಾಯಿ ಓತಿ. ಅದರ ಕೊಬ್ಬಿನಿಂದ ನಿಮ್ಮ ಎಮ್ಮೆಯ ಹುಣ್ಣು ಮಾಯುವುದಿಲ್ಲ. ಉಡವನ್ನು ಹಿಡಿಯುವುದೂ ಕೊಲ್ಲುವುದೂ ಸಾಕುವುದೂ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಬಿಲ್ಲೆಯ ವಿಷಯ ಮುಗಿಸಿಬಿಡುತ್ತೇನೆ. ಈಗ ಎಲ್ಲ ದನಕರುಗಳಿಗೂ 12 ಅಂಕಿಯ ಹಳದಿ ಬಿಲ್ಲೆ ಬಂದಿದೆ. ಅದನ್ನು ಕಿವಿಯ ನಡುಭಾಗದಲ್ಲಿ, ದಪ್ಪ ನರಗಳ ನಡುವೆ ಹೊಡೆಸಿ. ಹೊಡೆಸಿದ ಹತ್ತು ದಿನ ತೂತಿಗೆ ಬೇವಿನೆಣ್ಣೆಯೋ ಮುಲಾಮೋ ಹಚ್ಚುತ್ತಾ ನೊಣ ಕೂರದಂತೆ ನೋಡಿಕೊಳ್ಳಿ. ಅಂಕಿಯನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ. ಬಿಲ್ಲೆ ಬಿದ್ದುಹೋದರೆ ಅದೇ ದಿನ ದನದ ಆಸ್ಪತ್ರೆಗೆ ತಿಳಿಸಿ ಹೊಸದು ಹಾಕಿಸಿ. ಸಾಲ, ವಿಮೆ ಇದ್ದರೆ ಬ್ಯಾಂಕಿಗೂ ವಿಮೆಯವರಿಗೂ ಕಾಗದ ಬರೆದು, ತಲುಪಿದ ಬಗ್ಗೆ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಭದ್ರವಾಗಿಡಿ. ಗುಮಾಸ್ತನ ಮಾತು ಅಂತ ನಗಬೇಡಿ, ಆ ಮೊಹರಿಗೆ ಬೆಲೆ ಇದೆ.

ಡಾಕ್ಟರು ದೂರದಲ್ಲಿದ್ದರೆ 1962 ನಂಬರಿಗೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಸೇವೆ. ಆಂಧ್ರದಲ್ಲೂ ಕರ್ನಾಟಕದಲ್ಲೂ ಇದೇ ನಂಬರು. ನಾವು ಗಡಿಯವರಾದ್ದರಿಂದ ಮೊದಲು ಊರು, ಮಂಡಲ, ಜಿಲ್ಲೆಯ ಹೆಸರು ಹೇಳಿ, ಆಮೇಲೆ ರೋಗದ ಮಾತು. ಕುರಿ ಸಿಡುಬಿನ ಲಸಿಕೆ ನಿಮ್ಮ ಊರಿಗೆ ಯಾವ ದಿನ ಬರುತ್ತದೆಂದು ಈ ವಾರವೇ ದನದ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಆ ದಿನ ಮಂದೆಯನ್ನು ಬೆಳಗ್ಗೆ ದೂರ ಹೊಡೆದುಕೊಂಡು ಹೋಗದೆ ರೊಪ್ಪದಲ್ಲೇ ನಿಲ್ಲಿಸಿಕೊಂಡಿರಿ.